ಹನ್ನೊಂದು ನಿಮಿಷ ನಲವತ್ತು ಸೆಕೆಂಡು

ಉತ್ತರ ಬಂದಾಗ ನೀಲಾಂಬಿಕಾ ಹಲ್ಲುಜ್ಜುತ್ತಿದ್ದಳು. ಆಪರೇಟಿಂಗ್ ಸಿಸ್ಟಮ್ಮಿನ ಧ್ವನಿ ವಿಭಾಗವನ್ನು ನೋಡಿಕೊಳ್ಳುವ ಮೇಂಟೇನರ್, ಎರಡು ವರ್ಷಗಳಲ್ಲಿ ಒಮ್ಮೆಯೂ ಮುಖ ಕಾಣದ, ದನಿ ಕೇಳದ ಆ ಹಿರಿಯ, ಮೂರು ಸಾಲು ಬರೆದಿದ್ದ. ನಿಮ್ಮ ಪ್ರೋಗ್ರಾಮಿನ ಒಂಬತ್ತನೆಯ ಆವೃತ್ತಿಯಲ್ಲಿ ನನಗೆ ಆಕ್ಷೇಪಿಸುವಂಥದ್ದೇನೂ ಕಾಣಲಿಲ್ಲ. ನಾಳೆ ಬೆಳಿಗ್ಗೆ ಸಿಸ್ಟಮ್ಮಿಗೆ ಸೇರಿಸಿಕೊಳ್ಳುತ್ತೇನೆ. ಇಷ್ಟು ತಾಳ್ಮೆಯಿಂದ ಕೂತು ಕೇಳಿ ಪರೀಕ್ಷಿಸಿದ ದಸ್ತಗೀರಸಾಬರಿಗೆ ವಿಶೇಷ ಧನ್ಯವಾದ. ಬಾಯಲ್ಲಿ ನೊರೆ ತುಂಬಿಕೊಂಡೇ ಅವಳು ಅದನ್ನು ಮೂರು ಸಲ ಓದಿದಳು. ಪ್ರತಿ ಸಲವೂ ಕಣ್ಣು ಮೊದಲ ಎರಡು ಸಾಲುಗಳನ್ನು ದಾಟಿ ಮೂರನೆಯದರ ಮೇಲೆ ನಿಂತಿತು. ಸಂತೋಷ ಬರಬೇಕಾಗಿತ್ತು. ಹೋದ ಕರೆಂಟು ಬರಲಿ ಎಂದು ಬಲ್ಬನ್ನೇ ನೋಡುತ್ತ ನಿಲ್ಲುವವರ ಹಾಗೆ ಅವಳು ಸ್ವಲ್ಪ ಹೊತ್ತು ಅದಕ್ಕಾಗಿ ಕಾದಳು. ಕೆಳಗೆ ಹಿಟ್ಟಿನ ಗಿರಣಿ ಶುರುವಾಗಿ ಬಚ್ಚಲಿನ ನೆಲ ಎಂದಿನಂತೆ ಸಣ್ಣಗೆ ನಡುಗತೊಡಗಿತು. ಅವಳು ಕೆಲಸ ಮಾಡುವ ಹುಬ್ಬಳ್ಳಿಯ ಕಂಪನಿಯಿಂದ ಪ್ರಶಾಂತನ ಮೆಸೇಜೂ ಬಂತು: ಅಭಿನಂದನೆಗಳು ಮೇಡಂ, ನಾಳೆ ಸೇರಿದ ಕೂಡಲೇ ಗ್ರಾಹಕರಿಗೆ ತಿಳಿಸೋಣ.

ಅವಳ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದಿತ್ತು. ಫೋನಿಗೆ ಯುಎಸ್‌ಬಿ ಮೂಲಕ ಒಂದು ಆಡಿಯೋ ಪೆಟ್ಟಿಗೆ ಜೋಡಿಸಿ ಹಾಡು ಹಚ್ಚಿದರೆ, ಹಾಡು ಮುಗಿಯುವ ತನಕ ಫೋನಿನ ದೊಡ್ಡ ಪ್ರೊಸೆಸರ್ ಎಚ್ಚರವಿದ್ದು ಮಿಲಿಸೆಕೆಂಡಿಗೊಂದು ಹಿಡಿಯಂತೆ ಸದ್ದನ್ನು ಅಳೆದು ಕೊಡುತ್ತಿರಬೇಕು. ಅವಳು ಬರೆದ ಡ್ರೈವರ್, ಎಂದರೆ ಫೋನಿನೊಳಗೆ ಕೂತು ಪೆಟ್ಟಿಗೆಯನ್ನು ನಡೆಸುವ ಪ್ರೋಗ್ರಾಂ, ಆ ಅಳೆಯುವ ಕೆಲಸವನ್ನು ಪಕ್ಕದ ಸಣ್ಣ ಪ್ರೊಸೆಸರಿಗೆ ಒಪ್ಪಿಸಿ ದೊಡ್ಡದನ್ನು ಮಲಗಿಸುತ್ತದೆ, ಬ್ಯಾಟರಿ ಉಳಿಯುತ್ತದೆ. ಆದರೆ ಒಪ್ಪಿಸಿದ್ದು, ಮಲಗಿದ್ದು, ನಡುವೆ ಎದ್ದಿದ್ದು ಯಾವುದೂ ಕೇಳುವವನಿಗೆ ತಿಳಿಯಬಾರದು. ಅಷ್ಟಕ್ಕೇ ಎರಡು ವರ್ಷ ಹಿಡಿದಿತ್ತು. ಪ್ರತಿಯೊಂದು ಆವೃತ್ತಿಯನ್ನೂ ಎಲ್ಲರ ಕಣ್ಣಿಗೆ ಬೀಳುವ ಇಮೇಲ್ ಅಂಚೆಪಟ್ಟಿಗೆ ಕಳಿಸಿ, ಗೊತ್ತಿಲ್ಲದ ಊರುಗಳ ಗೊತ್ತಿಲ್ಲದ ಜನ ಸಾಲುಸಾಲಾಗಿ ತಪ್ಪು ಎತ್ತಿ ತೋರಿಸುವುದನ್ನು ಓದಬೇಕು. ನಾಲ್ಕನೆಯ ಸಲ ಒಬ್ಬ, ‘ಬರೆಯುವ ಮೊದಲು ಈಕೆ ನಿಯಮಾವಳಿಯನ್ನು ಓದಿದ್ದಾಳೆಯೆ?’ ಎಂದು ಕೇಳಿದ್ದ. ಆ ವಾಕ್ಯ ಇಂದಿಗೂ ಜಾಲದಲ್ಲಿದೆ. ಅವಳು ಸತ್ತ ಮೇಲೂ ಇರುತ್ತದೆ. ಎಂಟನೆಯ ಸಲ ಮೇಂಟೇನರ್ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಇದನ್ನು ನಿಜವಾದ ಕೆಲಸದಲ್ಲಿ ನಡೆಸಿ ನೋಡಿದ್ದಾರೆಯೆ? ಅದಕ್ಕೆ ಉತ್ತರವಾಗಿ ಒಂಬತ್ತನೆಯದರ ಕೊನೆಗೆ ಅವಳು ಒಂದು ಸಾಲು ಸೇರಿಸಿದಳು. ‘ಪರೀಕ್ಷಿಸಿದವರು: ದಸ್ತಗೀರಸಾಬ, ಸವಣೂರು.’ ಆ ಲೋಕದಲ್ಲಿ ಆ ಸಾಲಿಗೆ ಇರುವುದು ಒಂದೇ ಅರ್ಥ. ಈ ಮನುಷ್ಯ ಇದನ್ನು ನಡೆಸಿ ನೋಡಿದ್ದಾನೆ, ಸರಿಯಾಗಿದೆ ಎಂದು ತನ್ನ ಹೆಸರು ಕೊಟ್ಟಿದ್ದಾನೆ.

ದಸ್ತಗೀರಸಾಬರು ಸರಿಯಾಗಿದೆ ಎಂದಿರಲಿಲ್ಲ.

ಮೂರನೆಯ ಮೆಸೇಜು ಬಂದಾಗ ಒಂಬತ್ತಾಗಿತ್ತು. ಬರೆದವಳು ಅವರ ಮಗಳು ಮಹೆಕ. ‘ಅಕ್ಕಾ, ಅಬ್ಬಾ ನಿಮ್ಮ ಸಾಮಾನು ಒಯ್ಯಾಕ ಹೇಳ್ಯಾರ. ಇನ್ನ ಆ ಕೆಲಸ ತಮಗ ಬ್ಯಾಡಂತ. ಸಿಟ್ಟಾಗಿಲ್ಲ. ನೀವ ಬಂದ್ರ ಚಲೋ.’ ಸಿಟ್ಟಾಗಿಲ್ಲ ಎಂಬ ಮಾತು ಅವಳನ್ನು ಇರಿದಂತಾಯಿತು. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಕೆಳಗಿಳಿದಾಗ ಅವ್ವ, ವೀರವ್ವ, ಗಿರಣಿಯ ಮುಂದೆ ನಿಂತು ಕಾಳು ಸುರಿಯುವ ಬಾಯಿಯ ತಗಡಿಗೆ ಅಂಗೈ ಊರಿದ್ದಳು. ಕಲ್ಲು ಹೇಗೆ ತಿರುಗುತ್ತಿದೆ ಎಂದು ಅವಳು ಅಂಗೈಯಿಂದಲೇ ನೋಡುವುದು. ಹಿಟ್ಟು ಬೀಸಿಸಲು ಬಂದ ಹೆಂಗಸರು ಅದನ್ನು ದೇವರಿಗೆ ಕೈಮುಗಿಯುವ ಹಾಗೆ ಎಂದು ಚೇಷ್ಟೆ ಮಾಡುತ್ತಿದ್ದರು.

“ಎಲ್ಲಿಗೆ?” ಎಂದು ಅವ್ವ ಗಿರಣಿಯ ಸದ್ದಿನ ಮೇಲೆ ಕೂಗಿದಳು.

“ಸವಣೂರಿಗೆ, ದಸ್ತಗೀರ ಕಾಕಾನ ಕಡೆ.”

“ಚುರಮರಿಗೆ ಹಾಕಾಕ ಖಾರಾ ತೊಗೊಂಡ ಬಾ. ಬಿಸಿದು ನೋಡಿ ತೊಗೊ, ಹ್ವಾದ ಸಲದ್ದು ಮೆತ್ತಗಾಗಿತ್ತು!”

ಶಿಗ್ಗಾವಿಯಿಂದ ಬಸ್ಸು ಹೊರಟ ಮೇಲೂ ಅವಳ ಅಂಗಾಲಿನಲ್ಲಿ ನಡುಕ ಉಳಿದೇ ಇತ್ತು. ಈಗ ಅದು ಬಸ್ಸಿನದು. ಕಿಟಕಿಯಾಚೆ ಗೋವಿನಜೋಳ, ಮತ್ತೆ ಗೋವಿನಜೋಳ. ಒಂದೂವರೆ ತಿಂಗಳ ಹಿಂದೆ ಇದೇ ಬಸ್ಸಿನಲ್ಲಿ, ಮಡಿಲಲ್ಲಿ ಡಬ್ಬಿಯಿಟ್ಟುಕೊಂಡು, ತನ್ನ ಡ್ರೈವರ್ ಹಾಕಿದ ಫೋನನ್ನೂ ಆಡಿಯೋ ಪೆಟ್ಟಿಗೆಯನ್ನೂ ಒಯ್ದು ಕೊಟ್ಟಿದ್ದಳು. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಮದುವೆ, ಉಪನ್ಯಾಸ, ಗಾಯನ ಏನೇ ಇದ್ದರೂ ಮೈಕು ಸ್ಪೀಕರು ಕಟ್ಟುವವರು ದಸ್ತಗೀರಸಾಬರು. ಅವಳು ಕನ್ನಡ ಶಾಲೆಯಲ್ಲಿ ಮೊದಲ ಸಲ ಭಾಷಣ ಮಾಡಿದಾಗ ಮೈಕಿನ ಕತ್ತನ್ನು ಅವಳ ಎತ್ತರಕ್ಕೆ ಬಗ್ಗಿಸಿ ಕೊಟ್ಟವರೂ ಅವರೇ. ಬಂಕಾಪುರದ ಒಂದು ಮದುವೆಯಲ್ಲಿ ಎಂಟು ತಾಸು ನಡೆಸಿ ಫೋನು ಮಾಡಿದ್ದರು. ನೂರಿದ್ದ ಬ್ಯಾಟರಿ ಎಪ್ಪತ್ತೊಂದಕ್ಕಷ್ಟೇ ಇಳಿದಿದೆ ಎಂದರು. ಎಪ್ಪತ್ತೊಂದು! ಅವಳು ಕುರ್ಚಿಯಿಂದ ಎದ್ದೇ ಬಿಟ್ಟಿದ್ದಳು. ಆಮೇಲೆ ಅವರು, “ಆದ್ರ ತಂಗಿ, ಹನ್ನೆರಡು ನಿಮಿಷಕ್ಕೊಮ್ಮೆ ಏನೋ ಟಿಕ್ ಅಂತೈತಲ್ಲ,” ಎಂದಿದ್ದರು. ಅವಳು ನಕ್ಕಿದ್ದಳು. ಆ ನಗೆ ಈಗ ಬಸ್ಸಿನ ಗಾಜಿನ ಗಡಗಡದೊಳಗಿಂದ ಕೇಳಿಸಿದಂತಾಗಿ ಅವಳು ಸೆರಗನ್ನು ಕಿವಿಗೆಳೆದುಕೊಂಡಳು. “ನಿಮ್ಮ ವಾಯರ್ ಹಳೇದಾಗ್ಯಾವ ಕಾಕಾ. ನಾ ಇಲ್ಲಿ ದಿನಾ ಸಾವಿರ ಸಲ ಟೆಸ್ಟ್ ಮಾಡೇನಿ.” ಮಾಡಿದ್ದು ನಿಜ. ಮಾಡಿದ ಯಂತ್ರಕ್ಕೆ ಅವಳೇ ಕೊಟ್ಟ ಸದ್ದು ಐದು ನಿಮಿಷದ್ದು. ಐದು ನಿಮಿಷಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುವಾಗಿ, ಐದು ನಿಮಿಷ. ಸಾವಿರ ಸಲ ಓಡಿದರೂ ಅದು ಆರನೆಯ ನಿಮಿಷವನ್ನು ಕಂಡಿರಲಿಲ್ಲ. ಅವಳ ಮಾತಿಗೆ ದಸ್ತಗೀರಸಾಬರು, “ಇರಬೇಕು ಬಿಡು,” ಎಂದಿದ್ದರು. ಮಾರನೆಯ ದಿನ ಅವಳು, “ನಿಮ್ಮ ಹೆಸರು ಹಾಕ್ಲೇನ್ರಿ ಕಾಕಾ? ಜಗತ್ತೆಲ್ಲಾ ನೋಡ್ತೈತಿ,” ಎಂದಾಗ, “ಹಾಕು ತಂಗಿ, ಅದಕ್ಕೇನು ಕೇಳೂದು,” ಎಂದಿದ್ದರು. ಆ ಹೆಸರು ಏನು ಹೇಳುತ್ತದೆ ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ.

ದಸ್ತಗೀರಸಾಬರ ಅಂಗಡಿಯ ಗೋಡೆಗೆ, ಅವರ ಹೆಸರಿದ್ದ ಆ ಪುಟ ತೂಗುತ್ತಿತ್ತು. ಮಹೆಕ ಹುಡುಕಿ ತೆಗೆದು, ಪ್ರಿಂಟು ಹಾಕಿಸಿ, ಲ್ಯಾಮಿನೇಟ್ ಮಾಡಿಸಿದ್ದಳು. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ. ದಸ್ತಗೀರಸಾಬರು ಸ್ಟೂಲಿನ ಮೇಲಿದ್ದರು. ಎದುರು ಅಂಗಡಿಯ ಟೇಲರ್ ಶೇಖಸಾಬರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದರು.

“ಬರ್ರಿ ಬರ್ರಿ, ಇಂಜಿನೀರ್ ಬಾಯಾರ,” ಎಂದರು ಶೇಖಸಾಬರು. “ನಿಮ್ಮಿಂದ ನಮ್ಮ ದೋಸ್ತ ಫಾರಿನ್ನಾಗ ಮಶೂರ್ ಆಗ್ಯಾನ. ಈಗ ನಾ ಪ್ಯಾಂಟ್ ಹೊಲದು ಕೊಟ್ರ, ಇದನ್ನ ಯಾರು ಟೆಸ್ಟ್ ಮಾಡ್ಯಾರ ಅಂತ ಕೇಳ್ತಾನ.”

“ನಿನ್ನ ಪ್ಯಾಂಟಿಗೆ ಟೆಸ್ಟ್ ಬ್ಯಾಡಲೇ, ಕುಂತ ಕೂಡ್ಲೇ ಗೊತ್ತಾಗ್ತೈತಿ,” ಎಂದರು ದಸ್ತಗೀರಸಾಬರು. ಆಮೇಲೆ ಅವಳ ಕಡೆ ತಿರುಗಿ, “ಬಾ ನೀಲವ್ವ, ಕುಂದ್ರು. ಮಹೆಕ, ಚಾ ತಾ. ಖಾರಾನೂ ತಾ.”

ಅವಳು ಕೊಟ್ಟಿದ್ದ ಫೋನು, ಪೆಟ್ಟಿಗೆ, ವಾಯರುಗಳು ಒಂದು ಕೈಚೀಲದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಚೀಲದ ಬಾಯಿಗೆ ಗಂಟು ಹಾಕಿತ್ತು.

“ಯಾಕ ಕಾಕಾ, ಬ್ಯಾಡ ಅಂದ್ರಂತ?”

ಅವರು ಚೀಲದ ಗಂಟನ್ನು ಇನ್ನಷ್ಟು ಬಿಗಿಮಾಡಿದರು. ಚಹಾ ತಂದ ಮಹೆಕಳೇ ಹೇಳಿದಳು: “ಮೂರು ಹೊಸಾ ವಾಯರ್ ತಂದ್ರು ಅಕ್ಕಾ. ಸ್ಪೀಕರ್ ಬದಲ ಮಾಡಿದ್ರು. ಆಂಪ್ಲಿಫೈಯರ್ ಬದಲ ಮಾಡಿದ್ರು. ಕಡೀಕ ಕಿವಿ ಡಾಕ್ಟರ್ ಕಡೆ ಹೋಗಿ ಬಂದ್ರು.”

“ಡಾಕ್ಟರ್ ಏನಂದ್ರು?”

“ವಯಸ್ಸಿಗೆ ತಕ್ಕಂಗ ಐತಿ ಅಂದ,” ಎಂದರು ದಸ್ತಗೀರಸಾಬರು. “ಅದೇನು ಹೇಳ್ದಂಗಾತು? ಒಂದು ಕೆಲಸ ಮಾಡು ತಂಗಿ. ಹದಿನೈದು ನಿಮಿಷ ಸುಮ್ನ ಕುಂತು ಕೇಳು. ನಿಂದು ಸಣ್ಣ ವಯಸ್ಸಿನ ಕಿವಿ. ಕೇಳಿಸ್ತೋ ಇಲ್ಲೋ ಅಷ್ಟ ಹೇಳು. ಆಮ್ಯಾಲೆ ಒಯ್ಯಿ.”

ಅವರು ಗಂಟು ಬಿಚ್ಚಿ ಎಲ್ಲ ಜೋಡಿಸಿ ಹಚ್ಚಿದ್ದು ಬರೀ ತಂಬೂರಿಯ ಶ್ರುತಿ. ಒಂದು ತಾಸಿನ ರೆಕಾರ್ಡಿಂಗು. ತಂಬೂರಿ ಇಲ್ಲದೆ ಬಂದ ಗಾಯಕರಿಗಾಗಿ ಇಟ್ಟುಕೊಂಡದ್ದು. ಅದರಲ್ಲಿ ಕೂದಲೆಳೆ ಬಿದ್ದರೂ ಕೇಳುತ್ತದೆ ಎಂದು ಅವರ ಲೆಕ್ಕ. ನಾಲ್ಕು ತಂತಿಗಳು ಒಂದರ ಹಿಂದೊಂದು ಮಿಡಿದು, ಸುತ್ತಿ, ಅಂಗಡಿಯನ್ನು ತುಂಬಿದವು. ಫೋನಿನ ಪರದೆ ಕಪ್ಪಾಯಿತು. ಈಗ ದೊಡ್ಡದು ಮಲಗಿತು ಎಂದು ನೀಲಾಂಬಿಕಾ ಅಂದುಕೊಂಡಳು. ಹಾಗೆ ಅಂದುಕೊಂಡಾಗಲೆಲ್ಲ ತಾಯಿಗಾಗುವಂಥ ಒಂದು ಹಿತ ಅವಳಿಗೆ ಆಗುತ್ತಿತ್ತು, ಇಂದೂ ಆಯಿತು, ಅದಕ್ಕಾಗಿ ನಾಚಿದಳು. ಗಡಿಯಾರ ಎದುರು ಗೋಡೆಯಲ್ಲಿತ್ತು, ಲ್ಯಾಮಿನೇಟಿನ ಪುಟದ ಪಕ್ಕದಲ್ಲೇ. ನಾಲ್ಕು ನಿಮಿಷ. ಏಳು. ಬಾರದಿರಲಿ ಎಂದು ಬಯಸುತ್ತಿದ್ದೇನೆ, ಬರುತ್ತದೆಂದು ಗೊತ್ತಿದ್ದೂ, ಎಂದುಕೊಂಡಳು. ಸಡಿಲವಾದ ವಾಯರು ಹೊತ್ತು ನೋಡಿ ಸದ್ದು ಮಾಡುವುದಿಲ್ಲ. ಮುಪ್ಪಿನ ಕಿವಿಗೂ ವೇಳಾಪಟ್ಟಿ ಇರುವುದಿಲ್ಲ. ಹನ್ನೆರಡು ನಿಮಿಷಕ್ಕೊಮ್ಮೆ ಎಂದು ಅವರು ಫೋನಿನಲ್ಲಿ ಹೇಳಿದ ಕ್ಷಣವೇ, ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಎರಡು ಲೋಲಕಗಳನ್ನು ಪಕ್ಕಪಕ್ಕ ತೂಗಿಬಿಟ್ಟು ಅವು ಮತ್ತೆ ಜೊತೆಯಾಗುವ ಹೊತ್ತನ್ನು ಎಣಿಸಿದ್ದವಳಿಗೆ, ಇದು ಎರಡು ಗಡಿಯಾರಗಳ ನಡುವಿನ ಅಂತರ ಎಂದು ಹೊಳೆದಿರಲಿಲ್ಲವೆ? ಹೊಳೆದಿತ್ತು. ಹೊಳೆದದ್ದರ ಮೇಲೆ ಎಪ್ಪತ್ತೊಂದು ಎಂಬ ಸಂಖ್ಯೆಯನ್ನು ಹೊದಿಸಿದ್ದಳು. ಒಂಬತ್ತು. ಹತ್ತು. ಶೇಖಸಾಬರು ದಾರವನ್ನು ಹಲ್ಲಿನಿಂದ ಕಡಿದರು. ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ, ತಂಬೂರಿಯ ಪಂಚಮ ಏಳುವ ಮೊದಲು, ಅದು ಬಂತು. ಬಳೆಗೆ ಉಗುರು ತಾಗಿದಷ್ಟು. ಅಷ್ಟೇ.

ದಸ್ತಗೀರಸಾಬರು ಅವಳ ಮುಖವನ್ನೇ ನೋಡುತ್ತಿದ್ದರು. “ಏನರ ಕೇಳಿಸ್ತೇನ?”

“ಇಲ್ಲ ಕಾಕಾ.”

ಮಾತು ಅವಳಿಗಿಂತ ಮೊದಲೇ ಹೊರಗೆ ಬಂದಿತ್ತು.

“ನನಗೂ ಇಲ್ಲ,” ಎಂದರು ಶೇಖಸಾಬರು.

“ನಿನ್ನ ಯಾರು ಕೇಳ್ಯಾರ?” ಎಂದರು ದಸ್ತಗೀರಸಾಬರು. ಆದರೆ ಮೊದಲಿನ ಕಸುವು ಆ ಬೈಗುಳದಲ್ಲಿ ಇರಲಿಲ್ಲ. ಅವರು ತಲೆಯಾಡಿಸಿದರು, ಒಂದು ಸಲ, ಇನ್ನೊಂದು ಸಲ. “ಆತು ಬಿಡು. ಗೊತ್ತಾತಲ್ಲ. ನಿನ್ನೆ ಹಿರೇಕೆರೂರಿನವ್ರಿಗೆ ಹೇಳಿದ್ದು ಚಲೋ ಆತು.”

“ಏನು ಹೇಳಿದ್ರಿ?”

“ಈ ವರ್ಷದ ವಚನ ಗಾಯನಕ್ಕ ಬ್ಯಾರೆ ಯಾರನ್ನರ ನೋಡಕೊರಿ ಅಂತ. ಇಪ್ಪತ್ತೆರಡು ವರ್ಷ ಮಾಡೇನಿ, ಮೂರು ಮೂರು ದಿವಸ.” ಅವರು ಗೋಡೆಯ ಪುಟದ ಕಡೆ ಗದ್ದ ಎತ್ತಿದರು. “ಮಷೀನ್ ಸರಿ ಐತಿ ಅಂತ ದುನಿಯಾಕ್ಕೆಲ್ಲಾ ಬರ್ದು ಹಾಕ್ಯಾರ, ಅದೂ ನನ್ನ ಹೆಸರಿನ್ಯಾಗ. ಮಹೆಕ ಓದಿ ಹೇಳಿದ್ಲು. ವಾಯರ್ ಸರಿ ಐತಿ. ಸ್ಪೀಕರ್ ಸರಿ ಐತಿ. ಹಂಗಾರ ಉಳಿದದ್ದು ಇದೊಂದ,” ಎಂದು ಕಿವಿಯನ್ನು ಎರಡು ಬೆರಳಿನಿಂದ ಹಿಡಿದರು. “ಇಲ್ಲದ ಸಪ್ಪಳ ಕೇಳಿಸೋ ಕಿವಿ ಇಟಗೊಂಡು ಹಾಡೋರ ಮುಂದ ಹೆಂಗ ಕುಂದ್ರಲಿ ನೀಲವ್ವ?”

ಫೋನಿನ ಕಡೆ ಚಾಚಿದ ಅವರ ಕೈ ನೋಡಿ ಅವಳು, “ಬಂದ್ ಮಾಡಬ್ಯಾಡ್ರಿ,” ಎಂದಳು. “ಚಾ ಕುಡೀತೇನಿ. ಅಲ್ಲೀತನಾ ಇರ್ಲಿ.”

ಚಹಾ ಆರಿತ್ತು. ಖಾರದ ಪೊಟ್ಟಣ ಹಾಗೇ ಇತ್ತು. ಹದಿನೈದು ವರ್ಷದ ಹಿಂದೆ, ಗಿರಣಿಯ ಪಕ್ಕ ಕೂತ ಅವಳ ಎಡಗೈಯಲ್ಲಿ ಪುಸ್ತಕವಿತ್ತು, ದೃಗ್ವಿಜ್ಞಾನದ್ದು, ಬಿ.ಎಸ್ಸಿ. ಎರಡನೆಯ ವರ್ಷದ್ದು. ಅವ್ವ ಖಾಲಿ ಚೀಲಗಳ ಮೇಲೆ ಮಧ್ಯಾಹ್ನದ ಅರ್ಧ ತಾಸು ಮಲಗಿದ್ದಳು. ಹಗಲಿನಲ್ಲಿ ಅವ್ವ ನಿದ್ದೆ ಮಾಡುತ್ತಿದ್ದುದು ಆ ಅರ್ಧ ತಾಸು ಮಾತ್ರ, ಗಿರಣಿ ಓಡುತ್ತಿದ್ದಾಗಲೇ, ಕೇಳಿಸಿಕೊಳ್ಳುವ ಕೆಲಸವನ್ನು ಮಗಳಿಗೆ ಒಪ್ಪಿಸಿ. ಕಾಳು ಮುಗಿಯುತ್ತ ಬಂದರೆ ಕಲ್ಲಿನ ದನಿ ಏರುತ್ತದೆ. ಏರಿದ ಕೂಡಲೇ ಮುಂದಿನ ಡಬ್ಬಿ ಸುರಿಯಬೇಕು. ಅಂದು ದನಿ ಏರಿದ್ದು ಕೇಳಿಸಿತ್ತು. ಇನ್ನೊಂದು ಸಾಲು, ಈ ಸಮೀಕರಣ ಮುಗಿಯುವ ತನಕ, ಇನ್ನೊಂದೇ ಸಾಲು. ಕಲ್ಲು ಕಲ್ಲನ್ನು ತಿಂದಿತು. ಸುಟ್ಟ ವಾಸನೆಗೆ ಅವ್ವ ಎದ್ದು ಕೂತು ಕೇಳಿದಳು, ಸಪ್ಪಳ ಬರಲಿಲ್ಲೇನ? ಇಲ್ಲ ಬೇ. ಅವ್ವ ಬೈಯಲಿಲ್ಲ. ತನ್ನ ಕಿವಿಯೊಳಗೆ ಕಿರುಬೆರಳಿಟ್ಟು ಅಲ್ಲಾಡಿಸಿ, “ನನಗೂ ಎಚ್ಚರಾಗಲಿಲ್ಲ ನೋಡು. ಎಂಥಾ ನಿದ್ದ್ಯಾಗೂ ಎಚ್ಚರಾಗ್ತಿತ್ತು,” ಎಂದಳು. ಉಳಿಯಿಂದ ಕಲ್ಲಿಗೆ ಹಲ್ಲು ಕೊರೆಯುವ, ಟಾಕಿ ಹೊಡೆಯುವವನು ಬಂದು ಎರಡು ದಿನ ಕೂತು ಕಲ್ಲನ್ನು ಸರಿಮಾಡಿ ಹೋದ. ಅವ್ವ ಮತ್ತೆಂದೂ ಮಧ್ಯಾಹ್ನ ಮಲಗಲಿಲ್ಲ. ಅಂಗೈ ಊರಲು ಶುರುಮಾಡಿದ್ದು ಅಂದಿನಿಂದ. ಹದಿನೈದು ವರ್ಷ ನೀಲಾಂಬಿಕಾ ಆ ಅಂಗೈಯನ್ನು ದಿನವೂ ನೋಡಿದ್ದಾಳೆ. ಅದು ಎಲ್ಲಿಂದ ಬಂತು ಎಂದು ಒಂದು ದಿನವೂ ತನ್ನನ್ನು ಕೇಳಿಕೊಂಡಿರಲಿಲ್ಲ. ಅವ್ವನ ಕಿವಿಗೆ ಏನೂ ಆಗಿರಲಿಲ್ಲ.

ಹದಿನೆಂಟು ನಿಮಿಷ. ಪೆಟ್ಟಿಗೆಯ ಗಡಿಯಾರ ಫೋನಿನದಕ್ಕಿಂತ ತುಸು ಚುರುಕು. ಸೆಕೆಂಡಿಗೆ ಸದ್ದಿನ ನಲವತ್ತೆಂಟು ಸಾವಿರ ತುಣುಕುಗಳ ಮೇಲೆ ಇನ್ನರ್ಧ ತುಣುಕು ಹೆಚ್ಚು ಬೇಕು ಎಂದು ಅದು ಪ್ರತಿ ಸಲ ತಿಳಿಸುತ್ತಿರುತ್ತದೆ. ದೊಡ್ಡ ಪ್ರೊಸೆಸರ್ ಎಚ್ಚರವಿದ್ದಾಗ ಆ ಅರ್ಧವನ್ನು ಕೇಳಿಸಿಕೊಳ್ಳುತ್ತದೆ. ಸಣ್ಣದಕ್ಕಾಗಿ ಅವಳು ಬರೆದ ಸಾಲು ದಶಮಾಂಶದ ಮುಂದಿನದನ್ನೆಲ್ಲ ಕತ್ತರಿಸಿ ಪೂರ್ಣಾಂಕವನ್ನಷ್ಟೇ ಒಯ್ಯುತ್ತದೆ. ಅವಳಿಗೆ ಆ ಸಾಲು ಕಣ್ಣ ಮುಂದೆ ಕಂಡಿತು, ಯಾವ ಫೈಲಿನಲ್ಲಿ, ಎಷ್ಟನೆಯದು ಎಂಬುದೂ. ಸೆಕೆಂಡಿಗೆ ಅರ್ಧ, ಪೆಟ್ಟಿಗೆಯಲ್ಲಿ ಮುನ್ನೂರೈವತ್ತರ ದಾಸ್ತಾನು. ಏಳು ನೂರು ಸೆಕೆಂಡಿಗೆ ಅದು ಬರಿದಾಗುತ್ತದೆ. ಬರಿದಾದ ಕ್ಷಣಕ್ಕೆ ಟಿಕ್. ಮತ್ತೆ ತುಂಬಿಕೊಂಡು ಮತ್ತೆ ಏಳು ನೂರು. ಇಷ್ಟು ಚಿಕ್ಕದು. ಒಂಬತ್ತು ಸಲ ಎಷ್ಟೋ ಕಣ್ಣುಗಳು ನೋಡಿಯೂ ಕಾಣದ್ದು ಸವಣೂರಿನ ಒಂದು ಕಿವಿಗೆ ಮೊದಲ ದಿನವೇ ಕೇಳಿಸಿತ್ತು. ನಾಳೆ ಬೆಳಿಗ್ಗೆ ಅದು ಸೇರಿಹೋಗುತ್ತದೆ. ಸುಮ್ಮನಿದ್ದು, ಮುಂದೆಂದೋ ಸದ್ದಿಲ್ಲದೆ ಸರಿಪಡಿಸಿದರೂ ಆಯಿತು, ಎಲ್ಲರೂ ಮಾಡುವುದೇ. ತಡೆದರೆ ಈ ಸಲದ ಬಾಗಿಲು ಮುಚ್ಚಿ ಇನ್ನೆರಡು ತಿಂಗಳು, ಮತ್ತು ಒಂದು ಸುಳ್ಳು ಹೆಸರು ಹಾಕಿದವಳು ಎಂಬ ಮಾತು, ಅದೂ ಅಲ್ಲೇ, ಅಳಿಸಲಾಗದ ಕಡೆ. ದಸ್ತಗೀರಸಾಬರು ಕಣ್ಣು ಮುಚ್ಚಿ ಕೂತಿದ್ದರು. ಕೇಳುತ್ತಿರುವವರಂತೆ ಅಲ್ಲ, ಕೇಳುವುದನ್ನು ಬಿಟ್ಟವರಂತೆ. ಇಪ್ಪತ್ತೆರಡು ನಿಮಿಷ.

“ಕಾಕಾ.”

ಅವರು ಕಣ್ಣು ತೆರೆದರು.

“ಗಡಿಯಾರ ನೋಡ್ರಿ. ಇಪ್ಪತ್ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಬರ್ತೈತಿ.”

“ಏನು ಬರ್ತೈತಿ?” ಎಂದರು ಶೇಖಸಾಬರು. ಸೆಕೆಂಡಿನ ಮುಳ್ಳು ಮೇಲೆ ಹೋಗಿ ಈ ಕಡೆ ಇಳಿಯಿತು. ಶೇಖಸಾಬರು ಮುಂದಕ್ಕೆ ಬಾಗಿದರು, ಏನೋ ಕಿರುಗುಟ್ಟಿತು. “ಬಂತು! ನನಗೂ ಕೇಳಿಸ್ತು!”

“ಅದು ನಿನ್ನ ಕುರ್ಚಿ, ಸುಮ್ಕಿರಲೇ.”

ನೀಲಾಂಬಿಕಾ ಬೆರಳೆತ್ತಿ, “ಈಗ,” ಎಂದಳು. ಬಳೆಗೆ ಉಗುರು ತಾಗಿತು.

ತಂಬೂರಿ ಎರಡು ಸುತ್ತು ಬಂತು. ದಸ್ತಗೀರಸಾಬರ ಮುಖದಲ್ಲಿ ಮೊದಲು ಸಂತೋಷದಂಥದ್ದು ಏನೋ ಎದ್ದಿತು, ಅದು ಮುಗಿಯುವ ಮೊದಲೇ ಬೇರೆಯದು ಬಂದು ಕೂತಿತು.

“ಮೊದಲನೇದೂ ಕೇಳಿಸಿತ್ತು ನಿನಗ.”

“ಕೇಳಿಸಿತ್ತು.”

“ಅವತ್ತ ಫೋನಿನ್ಯಾಗ ಹೇಳಿದಾಗ?”

“ಅರ್ಧ ಗೊತ್ತಿತ್ತು ಕಾಕಾ. ಉಳಿದರ್ಧ ತಿಳಕೊಳ್ಳಾಕ ಮನಸಿರಲಿಲ್ಲ. ನಿಮ್ಮ ಕಿವಿ ಸರಿ ಐತಿ. ವಾಯರ್ ಸರಿ ಐತಿ. ತಪ್ಪು ನಂದು. ಹೆಸರು ಹಾಕಿದ್ದೂ ತಪ್ಪು.”

ದಸ್ತಗೀರಸಾಬರು ಜೇಬಿನಿಂದ ತಮ್ಮ ಫೋನು ತೆಗೆದು, ಹಿರೇಕೆರೂರಿಗೆ ಹಚ್ಚಿ, ಅಂಗಡಿಯ ಹೊರಗೆ ಹೋಗಿ ನಿಂತರು. “ನಮಸ್ಕಾರ್ರಿ. ಹೌದ್ರಿ, ನಾನ… ಅಲ್ರಿ, ಆರಾಮ ಅದೇನಿ, ಅದಕ್ಕ ಮಾಡಿದ್ನಿ… ಹೌದೇನ್ರಿ… ಮುಂಜಾನೆನ ಬ್ಯಾರೇವ್ರಿಗೆ ಹೇಳಿಬಿಟ್ರೇನ್ರಿ… ಇರ್ಲಿ ಬಿಡ್ರಿ. ಅವ್ರೂ ಚಲೋ ಮಾಡ್ತಾರ.” ಇಪ್ಪತ್ತೆರಡು ವರ್ಷ ಎಂಬುದು ಮುಕ್ಕಾಲು ನಿಮಿಷದಲ್ಲಿ ಮುಗಿಯಿತು. ಅಷ್ಟರಲ್ಲಿ ಅವಳು ಕೈಯಲ್ಲಿದ್ದ ತನ್ನ ಫೋನಿನಲ್ಲಿ ಮೇಂಟೇನರಿಗೆ ಬರೆಯತೊಡಗಿದ್ದಳು. ದಯವಿಟ್ಟು ನಾಳೆ ಸೇರಿಸಬೇಡಿ. ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೊಮ್ಮೆ ಸದ್ದು ಕ್ಷಣಕಾಲ ತುಂಡಾಗುತ್ತದೆ. ಕಾರಣ ತಿಳಿದಿದೆ, ನನ್ನದೇ ಸಾಲು. ದಸ್ತಗೀರಸಾಬರು ಇದನ್ನು ಮೊದಲ ದಿನವೇ ನನಗೆ ಹೇಳಿದ್ದರು. ನಾನು ಅದನ್ನು ಮುಚ್ಚಿಟ್ಟು ಅವರ ಹೆಸರನ್ನು ಹಾಕಿದೆ. ‘ಮುಚ್ಚಿಟ್ಟು’ ಎಂಬ ಮಾತಿನ ಮೇಲೆ ಸ್ವಲ್ಪ ನಿಂತಳು. ಅದಕ್ಕಿಂತ ಮೆತ್ತಗಿನ ಮಾತುಗಳು ಆ ಭಾಷೆಯಲ್ಲಿ ಬೇಕಾದಷ್ಟಿದ್ದವು. ಹಾಗೇ ಬಿಟ್ಟು ಕಳಿಸಿದಳು. ಪ್ರಶಾಂತನಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಅದೇ ಪತ್ರವನ್ನೇ ಅವನಿಗೂ ಕಳಿಸಿದಳು.

ದಸ್ತಗೀರಸಾಬರು ಒಳಗೆ ಬಂದು ಸ್ಟೂಲಿನ ಮೇಲೆ ಕೂತಾಗ ಅವಳು ಹೇಳಿದಳು: “ಆ ಸಾಲು ತಗೀತೇನಿ ಕಾಕಾ. ತಪ್ಪು ತೋರಿಸಿದವ್ರು ಅಂತ ಇನ್ನೊಂದು ಸಾಲು ಇರ್ತೈತಿ. ನೀವು ಹೂಂ ಅಂದ್ರ ಅಲ್ಲಿ ನಿಮ್ಮ ಹೆಸರು ಹಾಕ್ತೇನಿ.”

“ತಪ್ಪು ತೋರಿಸೋದ್ರಾಗ ಇವನ ಬಿಟ್ರ ಯಾರದಾರ್ರಿ,” ಎಂದರು ಶೇಖಸಾಬರು. “ಮೂವತ್ತು ವರ್ಷ ನನ್ನ ಕಾಜಾ ಸೊಟ್ಟ ಅಂದಾನ.”

ದಸ್ತಗೀರಸಾಬರು ನಗಲಿಲ್ಲ. “ಹೆಸರಿನ ಮಾತು ಆಮ್ಯಾಲೆ,” ಎಂದರು. “ಮೊದಲ ರಿಪೇರಿ ಮಾಡಿ ತಾ. ಕೇಳಿ ನೋಡ್ತೇನಿ. ಆವಾಗ ನೋಡೂನು ನನ್ನ ಹೆಸರು ಎಲ್ಲಿ ಹಾಕಬೇಕು, ಹಾಕಬೇಕೋ ಬ್ಯಾಡೋ ಅಂತ.”

“ಹೂಂ ಕಾಕಾ.”

ಖಾಲಿಯಾಗಿ ಬಿದ್ದಿದ್ದ ಕೈಚೀಲವನ್ನು ಅವರು ಮಡಚಿ ಹಲಗೆಯ ಮೇಲೆ ಎತ್ತಿಟ್ಟರು. ಬುಕಿಂಗ್ ಬರೆಯುವ ಡೈರಿ ತೆಗೆದು ಒಂದು ಹೊಸ ಪುಟ ಬಿಡಿಸಿ, ಪೆನ್ನಿನ ಟೋಪಿ ಹಲ್ಲಿನಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತರು. ಹೊರಡಬೇಕು ಎಂದು ಅನ್ನಿಸಿದರೂ ನೀಲಾಂಬಿಕಾ ಏಳಲಿಲ್ಲ. ತಂಬೂರಿ ಸುತ್ತುತ್ತಿತ್ತು. ಅವಳು ಗಡಿಯಾರಕ್ಕೆ ಬೆನ್ನು ತಿರುಗಿಸಿ ಕೂತಳು. ಎಷ್ಟೋ ಹೊತ್ತಿನ ಮೇಲೆ, ಶ್ರುತಿಯ ನಡುವೆ, ಆ ಸಣ್ಣದು ಬಂತು. ದಸ್ತಗೀರಸಾಬರು ಕಣ್ಣು ತೆರೆದು ಗಡಿಯಾರ ನೋಡಿ ಡೈರಿಯಲ್ಲಿ ಮೂವತ್ತೈದು ನಿಮಿಷ ಎಂದು ಬರೆದುಕೊಂಡರು. ಯಾರ ಮುಖವನ್ನೂ ನೋಡಲಿಲ್ಲ.